ಕ್ಯೂಆರ್ ಕೋಡ್ ತೆಗೆಯಬೇಕೇ, ಜಿಎಸ್‌ಟಿ ನೋಂದಣಿ ಮಾಡಿಸಬೇಕೇ? ಸಣ್ಣ ಅಂಗಡಿಯವರು ಇಲ್ಲಿ ಚರ್ಚಿಸೋಣ

ಹೊಳೆನರಸೀಪುರದವನು (ಬೇಕರಿ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಸಣ್ಣದೊಂದು ಬೇಕರಿ ಅಂಗಡಿ ನಡೆಸುತ್ತಿದ್ದೇನೆ. ನಮ್ಮ ಹಾಸನದ ಕಡೆಯವರು ಊರು ಬಿಟ್ಟು ಬಂದು ಮಾಡುವ ಕಸುಬು ಇದೇ ಎಂದು ನಿಮಗೆಲ್ಲ ಗೊತ್ತಿದೆ. ಬನ್ನು, ಪಫ್, ಕೇಕ್ ಎಲ್ಲವನ್ನೂ ನಾನು ಬೇರೆಯವರ ಭಟ್ಟಿಯಿಂದ ತರಿಸುತ್ತೇನೆ. ಜೊತೆಗೆ ಹಾಲಿನ ಪ್ಯಾಕೆಟ್, ಬ್ರೆಡ್, ಬಿಸ್ಕತ್ತು, ಸಿಗರೇಟು ಇವೆ. ಒಂದು ಮೂಲೆಯಲ್ಲಿ ಚಹಾ ಕೂಡ ಇದೆ.

2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ನೋಡಿ ಸಾವಿರಾರು ವ್ಯಾಪಾರಿಗಳಿಗೆ ನೋಟಿಸ್ ಕಳುಹಿಸಿದಾಗ ನಮ್ಮ ಬೀದಿಯ ಅರ್ಧ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದವು. ಜುಲೈ 25ರ ಬಂದ್‌ಗೆ ಕರೆ ಬಂತು. ಅದಕ್ಕೆ ಎರಡು ದಿನ ಮೊದಲು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಂಡರೆ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲ ಎಂದು ಹೇಳಿದ ಮೇಲೆ ಬಂದ್ ಕೈಬಿಡಲಾಯಿತು. ಆಮೇಲೆ ಸೆಪ್ಟೆಂಬರ್ 22ರಿಂದ ತೆರಿಗೆ ದರಗಳೇ ಬದಲಾದವು.

ನನಗೆ ನೋಟಿಸ್ ಬಂದಿಲ್ಲ. ಬರುವವರೆಗೆ ಕಾಯುವ ಮನಸ್ಸೂ ಇಲ್ಲ. ದಿನಕ್ಕೆ ಸರಾಸರಿ 14,000 ರೂಪಾಯಿ ವ್ಯಾಪಾರವಿದೆ: ಹಾಲು 3,000, ಬ್ರೆಡ್ 1,500, ಸಿಗರೇಟು 2,500, ಕೇಕ್-ಪಫ್-ಬಿಸ್ಕತ್ತು 5,000, ಚಹಾ 2,000. ಬಾಡಿಗೆ, ಕರೆಂಟು, ಇಬ್ಬರು ಹುಡುಗರ ಸಂಬಳ ಕಳೆದರೆ ನನಗೆ ಉಳಿಯುವುದು ಎಷ್ಟೆಂದು ವ್ಯಾಪಾರ ಮಾಡಿದವರಿಗೆ ಗೊತ್ತು. ನಾನು ನೋಂದಣಿ ಮಾಡಿಸಲೇಬೇಕೇ? ಮಾಡಿಸಿದರೆ ಎಷ್ಟು ಕಟ್ಟಬೇಕು? ಯುಪಿಐ ನಿಲ್ಲಿಸಿದರೆ ಪಾರಾಗುತ್ತೇನೆಯೇ?

ಲೆಕ್ಕಪತ್ರ, ಹುಬ್ಬಳ್ಳಿ

ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಪಾರಾಗುವುದಿಲ್ಲ. ತೆರಿಗೆ ಇರುವುದು ಮಾರಾಟದ ಮೇಲೆ. ದುಡ್ಡು ನೋಟಿನಲ್ಲಿ ಬಂತೋ ಮೊಬೈಲಿನಲ್ಲಿ ಬಂತೋ ಎಂಬುದನ್ನು ಕಾನೂನು ಕೇಳುವುದಿಲ್ಲ. ಯುಪಿಐ ಇಲಾಖೆಯ ಕಣ್ಣಿಗೆ ಬಿದ್ದ ಸುಳಿವು ಮಾತ್ರ. ಕ್ಯೂಆರ್ ಕೋಡ್ ಕಿತ್ತವರ ಖಾತೆಯಲ್ಲಿ 2021-22ರಿಂದ 2024-25ರವರೆಗಿನ ನಾಲ್ಕು ವರ್ಷಗಳ ದಾಖಲೆ ಹಾಗೆಯೇ ಇದೆ, ಎಲ್ಲಿಗೂ ಹೋಗಿಲ್ಲ.

ಇನ್ನು ನಿಮ್ಮ ಅಂಗಡಿ. ದಿನಕ್ಕೆ 14,000 ಎಂದರೆ ವರ್ಷಕ್ಕೆ 51 ಲಕ್ಷ ದಾಟುತ್ತದೆ. ‘ಹಾಲಿಗೆ, ಬ್ರೆಡ್‌ಗೆ ತೆರಿಗೆಯೇ ಇಲ್ಲವಲ್ಲ, ಅದನ್ನು ಕಳೆದರೆ ನೋಂದಣಿಯ ಮಿತಿಯಾದ 40 ಲಕ್ಷದ ಒಳಗೇ ಇದ್ದೇನೆ’ ಎಂದು ಬಹಳ ಮಂದಿ ಲೆಕ್ಕ ಹಾಕುತ್ತಾರೆ. ಎಡವುವುದು ಇಲ್ಲಿಯೇ. ನೋಂದಣಿಯ ಮಿತಿ ನೋಡುವಾಗ ತೆರಿಗೆ ಇಲ್ಲದ ಸರಕಿನ ಮಾರಾಟವೂ ಒಟ್ಟು ವಹಿವಾಟಿನೊಳಗೆ ಸೇರುತ್ತದೆ. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ, ಅಂದರೆ ಬರೀ ಹಾಲು ಅಥವಾ ಬರೀ ತರಕಾರಿ ಮಾರುವವರಿಗೆ, ವಹಿವಾಟು ಎಷ್ಟೇ ಇದ್ದರೂ ನೋಂದಣಿ ಬೇಕಿಲ್ಲ. ಎರಡೂ ಬಗೆಯ ಸರಕು ಇಟ್ಟುಕೊಂಡ ಕೂಡಲೇ ಎಲ್ಲವೂ ಒಟ್ಟಿಗೆ ಲೆಕ್ಕಕ್ಕೆ ಬರುತ್ತದೆ.

ಇನ್ನೊಂದು ವಿಷಯ ಅಂಗಡಿಯವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲ. 2019ರ ಏಪ್ರಿಲ್‌ನಿಂದ ಬಂದ 40 ಲಕ್ಷದ ಮಿತಿ ಸರಕು ಮಾತ್ರ ಮಾರುವವರಿಗೆ. ಅದರಲ್ಲೂ ತಂಬಾಕು ಪದಾರ್ಥ, ಪಾನ್ ಮಸಾಲಾ, ಐಸ್ ಕ್ರೀಮ್ ಮಾರುವವರನ್ನು ಆ ರಿಯಾಯಿತಿಯಿಂದ ಹೊರಗಿಟ್ಟಿದ್ದಾರೆ. ನೀವು ಸಿಗರೇಟು ಇಟ್ಟಿದ್ದೀರಿ, ಅಂಗಡಿಯಲ್ಲೇ ನಿಂತು ಕುಡಿಯುವ ಚಹಾ ಕೊಡುತ್ತೀರಿ. ಆದ್ದರಿಂದ ನಿಮ್ಮ ಮಿತಿ 20 ಲಕ್ಷ. ಅಂದರೆ ನೀವು ನೋಂದಣಿ ಮಾಡಿಸಲೇಬೇಕು, ಎರಡು ಮಾತಿಲ್ಲ.

ಹಾನಗಲ್ಲಿನವ

ಮೇಡಂ, ನೀವು ಕಾನೂನು ಹೇಳಿದಿರಿ, ಸರಿ. ಆದರೆ ಆ ಜುಲೈನಲ್ಲಿ ನಡೆದದ್ದನ್ನು ಮರೆಯಲಾಗದು. ನಮ್ಮ ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ರೂಪಾಯಿ ತೆರಿಗೆ ಕಟ್ಟಿ ಎಂದು ನೋಟಿಸ್ ಹೋಯಿತು. ಪತ್ರಿಕೆಗಳೆಲ್ಲ ಬರೆದವು. ರೈತರಿಂದ ತಂದು ಹಾಗೆಯೇ ಮಾರುವ ತಾಜಾ ತರಕಾರಿಗೆ ತೆರಿಗೆ ಇಲ್ಲವೆಂದು ಶಾಲೆಯ ಹುಡುಗನಿಗೂ ಗೊತ್ತು. ನೋಟಿಸ್‌ಗೆ ಸಹಿ ಹಾಕಿದವರಿಗೆ ಗೊತ್ತಿರಲಿಲ್ಲವೇ? 1.63 ಕೋಟಿಯ ಶೇ 18 ಎಷ್ಟೆಂದು ಗುಣಿಸಿ ನೋಡಿ, 29.34 ಲಕ್ಷ ಬರುತ್ತದೆ. ಖಾತೆಗೆ ಬಂದ ಒಟ್ಟು ಹಣಕ್ಕೆ ನೇರವಾಗಿ 18 ಹಾಕಿದಂತಿದೆ. ಏನು ಮಾರುತ್ತಾನೆ ಎಂದು ಒಬ್ಬರನ್ನು ಕಳುಹಿಸಿ ನೋಡಿದ್ದರೆ ಸಾಕಾಗಿತ್ತು.

ನಿವೃತ್ತ ತೆರಿಗೆ ಅಧಿಕಾರಿ

ಸಿಟ್ಟು ಅರ್ಥವಾಗುತ್ತದೆ. ಆದರೂ ಒಂದೆರಡು ಮಾತು ಹೇಳಲೇಬೇಕು. ನೋಂದಣಿ ಇಲ್ಲದವನು ಏನು ಮಾರುತ್ತಾನೆ ಎಂಬ ದಾಖಲೆ ಇಲಾಖೆಯ ಬಳಿ ಇರುವುದಿಲ್ಲ. ಹಣ ಎಷ್ಟು ಬಂತು ಎಂಬುದು ಮಾತ್ರ ಇರುತ್ತದೆ. ಅದಕ್ಕಾಗಿಯೇ ವಿವರಣೆ ಕೇಳಿ ನೋಟಿಸ್ ಕೊಡುವುದು. ‘ನಾನು ಮಾರುವುದು ತರಕಾರಿ’ ಎಂದು ಖರೀದಿ ಚೀಟಿಯ ಜೊತೆ ಉತ್ತರ ಕೊಟ್ಟರೆ ಅಲ್ಲಿಗೆ ಮುಗಿಯುತ್ತದೆ. ಹಾಲು, ತರಕಾರಿ, ಹಣ್ಣು, ಮಾಂಸ ಮಾರುವವರಿಂದ ತೆರಿಗೆ ಕೇಳುವುದಿಲ್ಲ ಎಂದು ಸರ್ಕಾರವೂ ಹೇಳಿದೆ.

ಇನ್ನೊಂದು ಮುಖವನ್ನೂ ನೋಡಿ. ಒಂದೇ ಬೀದಿಯಲ್ಲಿ ಒಬ್ಬ 2017ರಿಂದ ನಿಯತ್ತಾಗಿ ನೋಂದಣಿ ಮಾಡಿಸಿ ಕಟ್ಟುತ್ತಿದ್ದಾನೆ. ಪಕ್ಕದವನು ಅಷ್ಟೇ ವ್ಯಾಪಾರ ಮಾಡಿ ಒಂದು ರೂಪಾಯಿಯನ್ನೂ ಕಟ್ಟುವುದಿಲ್ಲ. ಕಟ್ಟುವವನಿಗೆ ಇದರಿಂದ ಆಗುವ ಅನ್ಯಾಯದ ಬಗ್ಗೆ ಯಾರೂ ಬಂದ್ ಮಾಡುವುದಿಲ್ಲ.

ಲೆಕ್ಕಪತ್ರ, ಹುಬ್ಬಳ್ಳಿ

ಸರ್, ನಿಮ್ಮ ಎರಡನೆಯ ಮಾತಿಗೆ ನನ್ನ ಪೂರ್ಣ ಒಪ್ಪಿಗೆ ಇದೆ. ಮೊದಲನೆಯದಕ್ಕೆ ಇಲ್ಲ. ವಿವರಣೆ ಕೇಳುವ ಪತ್ರದಲ್ಲಿ 29 ಲಕ್ಷ ಎಂಬ ಅಂಕಿ ಇರಬೇಕಾಗಿರಲಿಲ್ಲ. ಆ ಅಂಕಿಯನ್ನು ಓದಿದವನಿಗೆ ಮುಂದಿನ ಸಾಲುಗಳು ಕಣ್ಣಿಗೆ ಬೀಳುವುದಿಲ್ಲ. ಮನೆ, ಹೊಲ, ಮಗಳ ಮದುವೆಗೆ ಇಟ್ಟ ಚಿನ್ನ, ಇವೇ ಕಣ್ಣ ಮುಂದೆ ಬರುತ್ತವೆ. ಖಾತೆಗೆ ಬಂದ ಹಣವೆಲ್ಲ ಮಾರಾಟವೂ ಅಲ್ಲ. ಭಾವ ಕೊಟ್ಟ ಕೈಸಾಲ ಇರುತ್ತದೆ, ಚೀಟಿ ಎತ್ತಿದ ದುಡ್ಡು ಇರುತ್ತದೆ, ಮಗ ತಿಂಗಳಿಗೊಮ್ಮೆ ಕಳುಹಿಸುವ ಹಣ ಇರುತ್ತದೆ.

ಹಾಗೆಂದು ಸಣ್ಣ ವ್ಯಾಪಾರಿಗಳಿಗೆ ದಾರಿಯೇ ಇಲ್ಲ ಎಂದೇನೂ ಅಲ್ಲ, ಕಾನೂನಿನಲ್ಲೇ ಇದೆ. ಅದನ್ನು ಅವರಿಗೆ ತಲುಪಿಸುವ ಕೆಲಸ ನೋಟಿಸ್‌ಗಿಂತ ಮೊದಲು ಆಗಬೇಕಿತ್ತು, ಆಗಲಿಲ್ಲ. ‘ಜಿಎಸ್‌ಟಿ ತಿಳಿಯಿರಿ’ ಅಭಿಯಾನ ನೋಟಿಸ್ ಗದ್ದಲ ಎದ್ದ ಮೇಲೆ ಊರೂರಿಗೆ ಬಂತು. ನನ್ನ ತಕರಾರು ಇರುವುದು ಇಷ್ಟರಲ್ಲಿಯೇ.

ದಾರಿ ಯಾವುದೆಂದರೆ ರಾಜಿ ತೆರಿಗೆ, ಅಂದರೆ ಕಾಂಪೊಸಿಷನ್ ಪದ್ಧತಿ. ವರ್ಷಕ್ಕೆ 1.5 ಕೋಟಿ ರೂಪಾಯಿವರೆಗೆ ವಹಿವಾಟು ಇರುವ ವ್ಯಾಪಾರಿ ಶೇ 1 ಕಟ್ಟಿದರೆ ಸಾಕು, ಅದೂ ತೆರಿಗೆ ಇರುವ ಸರಕಿನ ಮಾರಾಟದ ಮೇಲೆ ಮಾತ್ರ. ಬೇಕರಿಯವರ ಲೆಕ್ಕವನ್ನೇ ತೆಗೆದುಕೊಳ್ಳೋಣ. ಹಾಲು, ಬ್ರೆಡ್ ಬಿಟ್ಟರೆ ಕೇಕ್-ಪಫ್-ಬಿಸ್ಕತ್ತು ಮತ್ತು ಸಿಗರೇಟು ಸೇರಿ ದಿನಕ್ಕೆ 7,500. ವರ್ಷಕ್ಕೆ 27.37 ಲಕ್ಷ. ಅದರ ಶೇ 1 ಎಂದರೆ ಸುಮಾರು 27,400 ರೂಪಾಯಿ, ತಿಂಗಳಿಗೆ 2,300ರಷ್ಟು. ಮೂರು ತಿಂಗಳಿಗೊಮ್ಮೆ ಕಟ್ಟಬೇಕು, ವರ್ಷಕ್ಕೆ ಒಂದು ರಿಟರ್ನ್ ಸಲ್ಲಿಸಬೇಕು.

ಚಹಾದ ಭಾಗವನ್ನು ಬೇಕೆಂದೇ ಹೊರಗಿಟ್ಟಿದ್ದೇನೆ. ಅಂಗಡಿಯಲ್ಲಿ ಕುಡಿಯಲು ಕೊಡುವ ಚಹಾವನ್ನು ಹೋಟೆಲ್ ಸೇವೆ ಎಂದು ಪರಿಗಣಿಸಿದರೆ ರಾಜಿ ತೆರಿಗೆಯಲ್ಲೂ ದರ ಶೇ 5. ನಿಮ್ಮ ಚಹಾ ಎಷ್ಟು, ಹೇಗೆ ಕೊಡುತ್ತೀರಿ ಎಂಬುದನ್ನು ಅರ್ಜಿ ಹಾಕುವ ಮೊದಲೇ ಸ್ಥಳೀಯ ತೆರಿಗೆ ಕಚೇರಿಯ ಸಹಾಯ ಕೇಂದ್ರದಲ್ಲಿ ಹೇಳಿ, ಲಿಖಿತವಾಗಿ ಖಚಿತಪಡಿಸಿಕೊಳ್ಳಿ. ಇದೊಂದನ್ನು ಬಾಯಿಮಾತಿಗೆ ಬಿಡಬೇಡಿ.

ಈ ಪದ್ಧತಿಯ ಕಷ್ಟಗಳೂ ಇವೆ. ಗ್ರಾಹಕರಿಂದ ತೆರಿಗೆ ಎಂದು ಬೇರೆ ಹಣ ಪಡೆಯುವಂತಿಲ್ಲ, ನಿಮ್ಮ ಲಾಭದಿಂದಲೇ ಕಟ್ಟಬೇಕು. ಖರೀದಿಯಲ್ಲಿ ಕೊಟ್ಟ ತೆರಿಗೆ ವಾಪಸ್ ಸಿಗುವುದಿಲ್ಲ. ಹೊರರಾಜ್ಯಕ್ಕೆ ಮಾರುವಂತಿಲ್ಲ. ಬಹಳ ಮುಖ್ಯವಾದದ್ದು ಇನ್ನೊಂದಿದೆ: ಹಿಂದಿನ ವರ್ಷಗಳಿಗೆ ಈ ಶೇ 1 ಅನ್ವಯಿಸುವುದಿಲ್ಲ. ನೋಂದಣಿ ಇಲ್ಲದೆ ಸಿಕ್ಕಿಬಿದ್ದವರಿಗೆ ಪೂರ್ತಿ ದರ, ಮೇಲೆ ಬಡ್ಡಿ, ದಂಡ. ಜುಲೈನ ನೋಟಿಸ್‌ಗಳಲ್ಲಿ ಅಷ್ಟು ದೊಡ್ಡ ಅಂಕಿಗಳು ಬಂದದ್ದಕ್ಕೆ ಇದೂ ಒಂದು ಕಾರಣ.

ಉಡುಪಿಯ ಹಳೆಯ ಬ್ಯಾಂಕಿನವ

ನಾನು ಬ್ಯಾಂಕಿನಲ್ಲಿ ಸಾಲದ ವಿಭಾಗದಲ್ಲಿದ್ದವನು, ಈಗ ನಿವೃತ್ತ. ಯುಪಿಐ ನಿಲ್ಲಿಸುವ ಮಾತು ಕೇಳಿದರೆ ಬೇಸರವಾಗುತ್ತದೆ. 2016ರಲ್ಲಿ ಶುರುವಾದ ಈ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ಬಾರಿ ಹಣ ಪಾವತಿಯಾಗಿದೆ. 2020ರ ಜನವರಿಯಿಂದ ವ್ಯಾಪಾರಿಯಿಂದ ಇದಕ್ಕೆ ಶುಲ್ಕವನ್ನೂ ಪಡೆಯುತ್ತಿಲ್ಲ. ಚಿಲ್ಲರೆ ಇಲ್ಲವೆಂದು ಚಾಕೊಲೇಟ್ ಕೊಡುವ ಕಾಲ ಹೋಗಿದೆ, ರಾತ್ರಿ ಗಲ್ಲಾಪೆಟ್ಟಿಗೆ ಎಣಿಸಿ ಮನೆಗೆ ಹೊತ್ತುಕೊಂಡು ಹೋಗುವ ಭಯ ಹೋಗಿದೆ.

ನಾವು ಸಾಲದ ಅರ್ಜಿ ನೋಡುವಾಗ ಮೊದಲು ಕೇಳುತ್ತಿದ್ದದ್ದು ಖಾತೆಯ ವಿವರ. ದಿನವೂ ಅಂಗಡಿಯ ಹಣ ಬಂದು ಬೀಳುವ ಖಾತೆ ಇದ್ದರೆ ಅಡಮಾನವಿಲ್ಲದೆಯೂ ಸಾಲ ಕೊಡಲು ಧೈರ್ಯ ಬರುತ್ತಿತ್ತು. ನಗದಿನಲ್ಲೇ ವ್ಯಾಪಾರ ಮಾಡಿದವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಕಾಗದದ ಮೇಲೆ ತೋರಿಸಲು ಏನೂ ಇರುತ್ತಿರಲಿಲ್ಲ. ಅವನು ಕೊನೆಗೆ ಮೀಟರ್ ಬಡ್ಡಿಯವನ ಮನೆಗೇ ಹೋಗುತ್ತಿದ್ದ. ಬೀದಿಬದಿ ವ್ಯಾಪಾರಿಗಳ ಪಿಎಂ ಸ್ವನಿಧಿ ಸಾಲವನ್ನು ಈಗ 2030ರ ಮಾರ್ಚ್‌ವರೆಗೆ ವಿಸ್ತರಿಸಿದ್ದಾರೆ. ಮೊದಲ ಕಂತು 15,000, ಎರಡನೆಯದು 25,000, ಮೂರನೆಯದು 50,000. ಸಕಾಲಕ್ಕೆ ತೀರಿಸಿದವರಿಗೆ ಯುಪಿಐಗೆ ಜೋಡಿಸಿದ ರುಪೇ ಕ್ರೆಡಿಟ್ ಕಾರ್ಡ್ ಕೂಡ ಇದೆ. ಇವೆಲ್ಲ ಡಿಜಿಟಲ್ ವಹಿವಾಟನ್ನು ನಂಬಿಯೇ ಕೊಡುವಂಥವು.

ಅಂಗಡಿಗೆ ಪ್ರತ್ಯೇಕ ಖಾತೆ ತೆರೆಯಿರಿ. ಮನೆಯ ಹಣ, ಚೀಟಿ ಹಣ, ಕೈಸಾಲ ಯಾವುದೂ ಅದರೊಳಗೆ ಬಾರದಿರಲಿ. ಮುಂದೆ ಯಾರು ಏನು ಕೇಳಿದರೂ ಉತ್ತರಿಸುವುದು ಸುಲಭವಾಗುತ್ತದೆ.

ಸಾಲ ಇರುವವರಿಗೆ ಇನ್ನೊಂದು ಮಾತು. 2025ರ ಆರಂಭದಲ್ಲಿ ಶೇ 6.5 ಇದ್ದ ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬೇರೆ ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿ, ಡಿಸೆಂಬರ್ ಹೊತ್ತಿಗೆ 5.25ಕ್ಕೆ ಇಳಿಯಿತು. ನಿಮ್ಮ ಬಡ್ಡಿ ಇಳಿದಿದೆಯೇ ಎಂದು ಶಾಖೆಗೆ ಹೋಗಿ ಕೇಳಿ. 2026ರ ಜನವರಿ 1ರಿಂದ ಮಂಜೂರಾಗುವ ಅಥವಾ ನವೀಕರಿಸುವ, ಬದಲಾಗುವ ಬಡ್ಡಿಯ ಸಾಲವನ್ನು ಸಣ್ಣ ಉದ್ದಿಮೆದಾರರು ಅವಧಿಗೆ ಮೊದಲೇ ತೀರಿಸಿದರೆ ವಾಣಿಜ್ಯ ಬ್ಯಾಂಕುಗಳು ದಂಡ ಹಾಕುವಂತಿಲ್ಲ. ಕೇಳದಿದ್ದರೆ ಯಾರೂ ತಾವಾಗಿ ಬಂದು ಹೇಳುವುದಿಲ್ಲ.

ಮೈಸೂರಿನ ಓದುಗಿ

ಅಂಗಡಿಯವರ ಮಾತುಗಳನ್ನೆಲ್ಲ ಓದಿದೆ. ಕೊಳ್ಳುವವರ ಕಡೆಯಿಂದಲೂ ಒಂದು ಪ್ರಶ್ನೆ ಇದೆ. ಸೆಪ್ಟೆಂಬರ್ 22ರಂದು ತುಪ್ಪ, ಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತು ಎಲ್ಲವೂ ಶೇ 5ಕ್ಕೆ ಇಳಿದವು ಎಂದರು. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಯಿತು, ಸಂತೋಷಪಟ್ಟೆ. ನವೆಂಬರ್‌ನಲ್ಲಿ 700 ಆಯಿತು. ಹಾಗಾದರೆ ತೆರಿಗೆ ಇಳಿಸಿ ನಮಗೆ ಆದ ಉಪಯೋಗವೇನು?

ಲೆಕ್ಕಪತ್ರ, ಹುಬ್ಬಳ್ಳಿ

ಅಕ್ಕ, ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು. 650 ರೂಪಾಯಿಯೊಳಗೆ ಶೇ 12 ತೆರಿಗೆ ಇತ್ತು. ಅದನ್ನು ತೆಗೆದರೆ ಮೂಲ ಬೆಲೆ ಸುಮಾರು 580. ಅದಕ್ಕೆ ಶೇ 5 ಸೇರಿಸಿದರೆ 609 ಚಿಲ್ಲರೆ. ಅಂದರೆ ತೆರಿಗೆಯ ಇಳಿಕೆ ಪೂರ್ತಿಯಾಗಿ ನಿಮಗೆ ತಲುಪಿತ್ತು. ನವೆಂಬರ್‌ನಲ್ಲಿ ಏರಿದ್ದು ಮೂಲ ಬೆಲೆ. ಹಳೆಯ ದರವೇ ಇದ್ದಿದ್ದರೆ ಅದೇ ತುಪ್ಪಕ್ಕೆ 745ರ ಆಸುಪಾಸು ಕೊಡಬೇಕಾಗುತ್ತಿತ್ತು.

ಆದರೆ ಎಲ್ಲ ತಯಾರಕರೂ ಹೀಗೆಯೇ ಇಳಿಸಿದರೇ ಎಂಬ ನಿಮ್ಮ ಅನುಮಾನ ನ್ಯಾಯವಾದದ್ದು. ತೆರಿಗೆ ಇಳಿಕೆಯ ಲಾಭವನ್ನು ನುಂಗುವವರ ಮೇಲೆ ದೂರು ಕೊಡಲು ಮೊದಲು ಲಾಭಕೋರತನ ತಡೆಯುವ ವ್ಯವಸ್ಥೆಯೊಂದು ಇತ್ತು. 2025ರ ಏಪ್ರಿಲ್ 1ರಿಂದ ಅಲ್ಲಿ ಹೊಸ ದೂರುಗಳನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿದರು. ಇಷ್ಟು ದೊಡ್ಡ ದರ ಇಳಿಕೆ ಆದದ್ದು ಅದೇ ವರ್ಷ. ಈಗ ಉಳಿದಿರುವುದು ಗ್ರಾಹಕರ ಸಹಾಯವಾಣಿ 1915. ಇದು ಸಾಲದು, ಆ ವ್ಯವಸ್ಥೆಯನ್ನು ಇನ್ನೆರಡು ವರ್ಷವಾದರೂ ಉಳಿಸಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ತೀರ್ಥಹಳ್ಳಿ ತೋಟ

ಅಡಿಕೆಯವರ ಬಗ್ಗೆ ಯಾರೂ ಮಾತನಾಡಲಿಲ್ಲ. ನಾವು ಮಂಡಿಗೆ ಹಾಕಿದ ಅಡಿಕೆಯ ಹಣ ಖಾತೆಗೆ ಒಮ್ಮೆಲೇ ಹತ್ತಾರು ಲಕ್ಷ ಬರುತ್ತದೆ. ನಮಗೂ ನೋಟಿಸ್ ಬರಬಹುದೇ? ನಮಗೆ ತೆರಿಗೆಗಿಂತ ಆಮದಿನ ಚಿಂತೆ ದೊಡ್ಡದು. ಕಿಲೋಗೆ 351 ರೂಪಾಯಿಗಿಂತ ಕಡಿಮೆ ಬೆಲೆಯ ಅಡಿಕೆ ಆಮದಾಗಬಾರದು ಎಂದು 2023ರಲ್ಲಿ ನಿಯಮ ಮಾಡಿದರು. ಭೂತಾನ್‌ನ ಹಸಿ ಅಡಿಕೆಗೆ ವರ್ಷಕ್ಕೆ 17,000 ಟನ್‌ವರೆಗೆ ಅದರಿಂದ ವಿನಾಯಿತಿ ಕೊಟ್ಟಿದ್ದಾರೆ. ಕಳ್ಳದಾರಿಯಲ್ಲಿ ಬರುವುದು ಬೇರೆ.

ನಿವೃತ್ತ ತೆರಿಗೆ ಅಧಿಕಾರಿ

ಸ್ವಂತ ಜಮೀನಿನ ಬೆಳೆ ಮಾರುವ ಕೃಷಿಕ ಎಷ್ಟೇ ಮೊತ್ತಕ್ಕೆ ಮಾರಿದರೂ ಜಿಎಸ್‌ಟಿ ನೋಂದಣಿ ಮಾಡಿಸಬೇಕಿಲ್ಲ, ಕಾನೂನಿನಲ್ಲೇ ಸ್ಪಷ್ಟವಾಗಿದೆ. ಪಹಣಿ ಮತ್ತು ಮಂಡಿಯ ಪಟ್ಟಿ ಜೋಪಾನವಾಗಿ ಇಟ್ಟುಕೊಳ್ಳಿ. ಊರಿನವರ ಅಡಿಕೆಯನ್ನೂ ಕೊಂಡು ಮಾರಲು ಶುರುಮಾಡಿದರೆ ಮಾತ್ರ ನೀವು ವ್ಯಾಪಾರಿಯಾಗುತ್ತೀರಿ, ಆಗ ಶೇ 5ರ ಲೆಕ್ಕ ಬರುತ್ತದೆ. ಆಮದಿನ ವಿಷಯಕ್ಕೆ ಬೇರೆ ಚರ್ಚೆ ತೆರೆಯುವುದು ಒಳ್ಳೆಯದು, ಅದು ಇಲ್ಲಿ ನಾಲ್ಕು ಸಾಲಿನಲ್ಲಿ ಮುಗಿಯುವಂಥದ್ದಲ್ಲ.

ಹೊಳೆನರಸೀಪುರದವನು (ಬೇಕರಿ, ಬೆಂಗಳೂರು)

ಎಲ್ಲರಿಗೂ ಧನ್ಯವಾದ. ತಿಂಗಳಿಗೆ ಎರಡು ಸಾವಿರ ಚಿಲ್ಲರೆ ಎಂದಾಗ ಎದೆಯ ಭಾರ ಇಳಿಯಿತು. ಸಂಘದ ಗುಂಪಿನಲ್ಲಿ ಓಡಾಡಿದ ಸಂದೇಶಗಳಲ್ಲಿ ಶೇ 18 ಬಿಟ್ಟು ಬೇರೆ ಅಂಕಿಯೇ ಇರಲಿಲ್ಲ. ಇನ್ನೊಂದು ಭಯ ಉಳಿದಿದೆ. ಜಿಎಸ್‌ಟಿಯಲ್ಲಿ 51 ಲಕ್ಷ ಎಂದು ತೋರಿಸಿದರೆ ಆದಾಯ ತೆರಿಗೆಯವರು ‘51 ಲಕ್ಷ ಆದಾಯವಿದೆ’ ಎಂದು ಬಂದು ನಿಲ್ಲುವುದಿಲ್ಲವೇ? ಮತ್ತೆ, ಅಂಗಡಿಯ ಕರಾರುಪತ್ರ ನನ್ನ ಭಾವಮೈದುನನ ಹೆಸರಿನಲ್ಲಿದೆ. ಅದು ಅಡ್ಡಿಯಾಗುತ್ತದೆಯೇ?

ಲೆಕ್ಕಪತ್ರ, ಹುಬ್ಬಳ್ಳಿ

ವಹಿವಾಟು ಬೇರೆ, ಆದಾಯ ಬೇರೆ. ಸಣ್ಣ ವ್ಯಾಪಾರಿಗಳಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಲಾಭದ ಪದ್ಧತಿ ಇದೆ. ಎರಡು ಕೋಟಿವರೆಗಿನ ವಹಿವಾಟಿಗೆ, ನಗದು ಶೇ 5ಕ್ಕಿಂತ ಹೆಚ್ಚಿಲ್ಲದಿದ್ದರೆ ಮೂರು ಕೋಟಿವರೆಗೆ, ಅದು ಸಿಗುತ್ತದೆ. ನಗದು ಮಾರಾಟದಲ್ಲಿ ಕನಿಷ್ಠ ಶೇ 8 ಲಾಭ ಎಂದು ತೋರಿಸಬೇಕು, ಬ್ಯಾಂಕ್ ಅಥವಾ ಯುಪಿಐ ಮೂಲಕ ಬಂದದ್ದಕ್ಕೆ ಶೇ 6 ಸಾಕು. ನಿಮ್ಮ 51 ಲಕ್ಷ ಪೂರ್ತಿ ಯುಪಿಐನಲ್ಲಿ ಬಂದರೂ ಆದಾಯ ಮೂರು ಲಕ್ಷದ ಆಸುಪಾಸು. ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ತೆರಿಗೆ ಇಲ್ಲ. ನಿಜವಾದ ಲಾಭ ಅದಕ್ಕಿಂತ ಹೆಚ್ಚಿದ್ದರೆ ಅದನ್ನೇ ತೋರಿಸಿ, ಆಗಲೂ ನೀವು ಆ ಮಿತಿಯೊಳಗೇ ಇರುತ್ತೀರಿ. ಕ್ಯೂಆರ್ ಕೋಡ್ ತೆಗೆದವರು ಶೇ 6 ಬಿಟ್ಟು ಶೇ 8ಕ್ಕೆ ಹೋದಂತಾಯಿತು.

ಕರಾರುಪತ್ರ ಬೇರೆಯವರ ಹೆಸರಿನಲ್ಲಿದ್ದರೆ ಅವರಿಂದ ಒಪ್ಪಿಗೆ ಪತ್ರ ಬರೆಸಿಕೊಳ್ಳಿ. ಕಟ್ಟಡದ ಮಾಲೀಕರನ್ನೂ ಮೊದಲೇ ಕೇಳಿ, ವಿದ್ಯುತ್ ಬಿಲ್ಲಿನ ಪ್ರತಿ ಪಡೆಯಿರಿ. ಪ್ಯಾನ್, ಆಧಾರ್, ಭಾವಚಿತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಪುಟ ಇಟ್ಟುಕೊಳ್ಳಿ. 2025ರ ನವೆಂಬರ್ 1ರಿಂದ ಸಣ್ಣವರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಕೊಡುವ ಸರಳ ವ್ಯವಸ್ಥೆ ಬಂದಿದೆ. ಸರ್ಕಾರಿ ಜಾಲತಾಣದಲ್ಲಿ ನೋಂದಣಿಗೆ ಶುಲ್ಕವಿಲ್ಲ. ‘ಒಳಗಿನವರು ಗೊತ್ತು’ ಎಂದು ಸಾವಿರಗಟ್ಟಲೆ ಕೇಳುವವರನ್ನು ಅಂಗಡಿಯ ಮೆಟ್ಟಿಲು ಹತ್ತಿಸಬೇಡಿ.

ಸಂತೆಪೇಟೆ ಹುಡುಗಿ

ಮೇಡಂ, ನನ್ನ ಅಮ್ಮನದು ತರಕಾರಿ ಅಂಗಡಿ. ವರ್ಷಕ್ಕೆ 45 ಲಕ್ಷದಷ್ಟು ವ್ಯಾಪಾರವಿದೆ, ಮುಕ್ಕಾಲು ಭಾಗ ಯುಪಿಐ. ಪೂಜೆಗೆ ಬರುವವರಿಗಾಗಿ ಊದುಬತ್ತಿ, ಕರ್ಪೂರವನ್ನೂ ಇಟ್ಟಿದ್ದಾರೆ. ಅದು ತಿಂಗಳಿಗೆ ಐದು ಸಾವಿರ ದಾಟುವುದಿಲ್ಲ. ‘ಒಟ್ಟಿಗೆ ಲೆಕ್ಕಕ್ಕೆ ಬರುತ್ತದೆ’ ಎಂದು ಮೇಲೆ ಬರೆದದ್ದನ್ನು ಓದಿದ ಮೇಲೆ ನಿದ್ದೆ ಬರುತ್ತಿಲ್ಲ.

ಲೆಕ್ಕಪತ್ರ, ಹುಬ್ಬಳ್ಳಿ

ಹೆದರಬೇಡಮ್ಮ. ಬರೀ ತರಕಾರಿ ಆಗಿದ್ದರೆ 45 ಲಕ್ಷ ಇರಲಿ, ಕೋಟಿಯೇ ಇರಲಿ, ನೋಂದಣಿ ಬೇಡ. ಊದುಬತ್ತಿ ಇಟ್ಟಿರುವುದರಿಂದ ಮಿತಿ ದಾಟಿದ ಹಾಗಾಗಿದೆ. ರಾಜಿ ತೆರಿಗೆಗೆ ಬಂದರೆ ಶೇ 1 ಬೀಳುವುದು ತೆರಿಗೆ ಇರುವ ಆ ಅರವತ್ತು ಸಾವಿರದ ಮೇಲೆ ಮಾತ್ರ, ವರ್ಷಕ್ಕೆ 600 ರೂಪಾಯಿ. ಆದರೆ ಮೂರು ತಿಂಗಳಿಗೊಮ್ಮೆ ಲೆಕ್ಕ ಸಲ್ಲಿಸುವ ಕೆಲಸ ತಪ್ಪುವುದಿಲ್ಲ. ಆ ಕೆಲಸ ನೀನು ಮಾಡಿಕೊಡುವುದಾದರೆ ನೋಂದಣಿ ಮಾಡಿಸು, ಇಲ್ಲವಾದರೆ ಊದುಬತ್ತಿ, ಕರ್ಪೂರ ತರಿಸುವುದನ್ನು ಅಮ್ಮ ಇವತ್ತಿನಿಂದಲೇ ನಿಲ್ಲಿಸಲಿ. ಎರಡರಲ್ಲಿ ಯಾವುದಾದರೂ ಸರಿ. ಎಪಿಎಂಸಿಯಿಂದ ತರುವ ತರಕಾರಿಯ ಚೀಟಿಗಳನ್ನು ಮಾತ್ರ ಯಾವುದೇ ಕಾರಣಕ್ಕೂ ಎಸೆಯಬೇಡಿ.

ಸಂತೆಪೇಟೆ ಹುಡುಗಿ

ಅಮ್ಮನಿಗೆ ಓದಿ ಹೇಳಿದೆ. ಊದುಬತ್ತಿ ಬಿಡುವುದಿಲ್ಲವಂತೆ, ಶುಕ್ರವಾರದ ಗಿರಾಕಿಗಳು ಅದಕ್ಕೇ ಬರುತ್ತಾರೆ ಎನ್ನುತ್ತಾರೆ. ಸೋಮವಾರ ನಾನೇ ಅರ್ಜಿ ಹಾಕುತ್ತೇನೆ. ವ್ಯಾಪಾರದ ವಿಧ ಎಂಬ ಕಡೆ ಏನು ತುಂಬಬೇಕೆಂದು ಅಲ್ಲಿ ಸಿಕ್ಕಿಹಾಕಿಕೊಂಡರೆ ಇಲ್ಲಿಯೇ ಕೇಳುತ್ತೇನೆ.